ಹೇಳಿದ ಕೆಲಸ, ನೆನಪಿಟ್ಟ ಕೆಲಸ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಮದುವೆಯಾಗಿ ಹನ್ನೊಂದು ವರ್ಷ, ಇಬ್ಬರಿಗೂ ಉದ್ಯೋಗ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ರಜೆಯ ದಿನ ನೆಲ ಒರೆಸುವುದು, ಬಿಲ್ಲುಗಳ ಪಾವತಿ, ರಿಪೇರಿ ನಿಮ್ಮ ಪಾಲಿಗಿವೆ. ಪಟ್ಟಿ ಮಾಡಿ ಎಣಿಸಿದರೆ ಅರ್ಧಕ್ಕರ್ಧ ಬರುತ್ತದೆ, ಆದರೂ ‘ಇಡೀ ಮನೆ ನನ್ನ ತಲೆಯ ಮೇಲೆಯೇ ಇದೆ’ ಎಂದು ಪತ್ನಿ ನೊಂದುಕೊಳ್ಳುವುದು ನ್ಯಾಯವೇ ಎಂದು ಕೇಳಿದ್ದೀರಿ. ‘ಅವಳು ಹೇಳಿದ ಯಾವ ಕೆಲಸವನ್ನೂ ನಾನು ಇಲ್ಲವೆಂದಿಲ್ಲ’ ಎಂಬ ವಾಕ್ಯಕ್ಕೆ ನೀವೇ ಅಡಿಗೆರೆ ಹಾಕಿದ್ದೀರಿ. ನಾನೂ ಆ ವಾಕ್ಯದ ಬಳಿಯೇ ನಿಂತೆ.

ನಿಮ್ಮ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಈ ವಿಷಯದಲ್ಲಿ ಪ್ರಾಮಾಣಿಕರ ಎಣಿಕೆಯೂ ತಪ್ಪುತ್ತದೆ. ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡ ಹೆಂಡಿರನ್ನು ಬೇರೆಬೇರೆಯಾಗಿ ಕೂರಿಸಿ, ಮನೆಯ 20 ಸಂಗತಿಗಳಲ್ಲಿ ತಮ್ಮ ಪಾಲೆಷ್ಟು ಎಂದು ಕೇಳಿದರು. ಅವುಗಳಲ್ಲಿ 16ರಲ್ಲಿ ಇಬ್ಬರ ಉತ್ತರಗಳನ್ನು ಕೂಡಿಸಿದಾಗ ಮೊತ್ತ ಇಡೀ ಕೆಲಸವನ್ನೇ ಮೀರಿತು. ಇದು ಬರೀ ಜಂಬವಾಗಿದ್ದರೆ ಜಗಳ ಎಬ್ಬಿಸುವಂತಹ ಅಪಕೀರ್ತಿಯ ಬಾಬತ್ತುಗಳಲ್ಲಿ ಹಾಗಾಗಬಾರದಿತ್ತು. ಅಲ್ಲಿಯೂ ಜನ ತಮ್ಮ ಪಾಲನ್ನು ಹೆಚ್ಚಿಸಿಯೇ ಹೇಳಿದ್ದರು. ನಾವು ಮಾಡಿದ್ದು ನಮಗೆ ಸಲೀಸಾಗಿ ನೆನಪಾಗುತ್ತದೆ, ಇನ್ನೊಬ್ಬರು ಮಾಡಿದ್ದು ಕಣ್ಣಿಗೇ ಬಿದ್ದಿರುವುದಿಲ್ಲ. ಆದ್ದರಿಂದ ನಿಮ್ಮ ಅರ್ಧವೂ ಆಕೆಯ ‘ಇಡೀ ಮನೆ’ಯೂ ಎರಡೂ ಅಂದಾಜುಗಳೇ.

ಹಾಗಿದ್ದರೆ ಇಬ್ಬರ ಮಾತೂ ಸಮಾನ ತೂಕದ್ದೇ? ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿಯ ಪ್ರಕಾರ ಸಂಬಳವಿಲ್ಲದ ಆರೈಕೆ ಹಾಗೂ ಮನೆಗೆಲಸಕ್ಕೆ ಮಹಿಳೆಯರು ದಿನಕ್ಕೆ ಸರಾಸರಿ 4 ಗಂಟೆ 25 ನಿಮಿಷ ವ್ಯಯಿಸುತ್ತಾರೆ, ಪುರುಷರು 1 ಗಂಟೆ 23 ನಿಮಿಷ. ನಿಮ್ಮ ಮನೆ ಈ ಸರಾಸರಿಗಿಂತ ಎಷ್ಟೋ ಮುಂದಿರಬಹುದು, ಅದಕ್ಕೆ ನಿಮ್ಮನ್ನು ಅಭಿನಂದಿಸುತ್ತೇನೆ. ಆದರೂ ನಿಮ್ಮ ಪಟ್ಟಿಯನ್ನೊಮ್ಮೆ ನೋಡಿ: ನಲ್ಲಿ ರಿಪೇರಿಗೂ ಮೂರು ಹೊತ್ತಿನ ಅಡುಗೆಗೂ ಒಂದೊಂದೇ ಸಾಲು. ಬಿಲ್ಲನ್ನು ನಾಳೆ ಕಟ್ಟಬಹುದು, ನೆಲವನ್ನು ಮುಂದಿನ ವಾರ ಒರೆಸಬಹುದು. ಹಸಿದ ಮಗುವಿಗೆ ನಾಳೆ ಎನ್ನಲಾಗದು. ಮುಂದೂಡಬಹುದಾದ ಕೆಲಸವನ್ನು ಮಾಡುವವರಿಗೆ ತಮ್ಮ ಸಮಯದ ಮೇಲೆ ಒಂದು ಹಿಡಿತವಿರುತ್ತದೆ. ದಿನವೂ ಅದೇ ಗಳಿಗೆಗೆ ಕರೆಯುವ ಕೆಲಸಕ್ಕೆ ಕಟ್ಟುಬಿದ್ದವರಿಗೆ ಆ ಹಿಡಿತವೇ ಇಲ್ಲ.

ಇನ್ನು ನೀವು ಗೆರೆ ಎಳೆದ ವಾಕ್ಯ. ನೀವೇ ಬರೆದ ಘಟನೆಯನ್ನು ತೆಗೆದುಕೊಳ್ಳೋಣ. ಮಗನಿಗೆ ಜ್ವರ, ರಾತ್ರಿ ಒಂಬತ್ತಕ್ಕೆ ಪತ್ನಿ ಹೇಳಿದ ಕೂಡಲೇ ಮಳೆಯಲ್ಲಿ ಹೋಗಿ ಔಷಧ ತಂದಿರಿ. ದೊಡ್ಡ ಕೆಲಸವೇ. ಆದರೆ ಬಾಟಲಿಯನ್ನು ಬೆಳಕಿಗೆ ಹಿಡಿದು ಇನ್ನೆರಡು ಚಮಚವಷ್ಟೇ ಉಳಿದಿದೆ ಎಂದು ಕಂಡುಕೊಂಡವರು, ಮಧ್ಯರಾತ್ರಿಯ ಸರದಿಗೆ ಅದು ಸಾಲದೆಂದು ಲೆಕ್ಕ ಹಾಕಿದವರು, ಹಿಂದಿನ ಸಲ ಯಾವ ಔಷಧಕ್ಕೆ ಮೈಮೇಲೆ ದದ್ದು ಎದ್ದಿತ್ತೆಂದು ನೆನಪಿಟ್ಟವರು, ಬೆಳಗ್ಗೆ ಶಾಲೆಗೆ ತಿಳಿಸಿ ತಮ್ಮ ಕಚೇರಿಗೆ ರಜೆ ಕೇಳಬೇಕಾದವರು ಯಾರು? ನಿಮ್ಮ ಪಟ್ಟಿಯಲ್ಲಿ ‘ಔಷಧ ತರುವುದು’ ನಿಮ್ಮ ಹೆಸರಿನ ಮುಂದಿದೆ. ಉಳಿದದ್ದು ಯಾರ ಹೆಸರಿನ ಮುಂದೆಯೂ ಇಲ್ಲ.

ಸಮಾಜಶಾಸ್ತ್ರಜ್ಞೆ ಆಲಿಸನ್ ಡೇಮಿಂಜರ್ 35 ದಂಪತಿಗಳನ್ನು ಸಂದರ್ಶಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಾಣದ ದುಡಿಮೆಯನ್ನು ನಾಲ್ಕಾಗಿ ಬಿಡಿಸುತ್ತದೆ: ಬೇಕಾಗುವುದನ್ನು ಮುಂಚಿತವಾಗಿ ಊಹಿಸುವುದು, ದಾರಿಗಳನ್ನು ಹುಡುಕುವುದು, ತೀರ್ಮಾನಿಸುವುದು, ಆಯಿತೇ ಎಂದು ಗಮನಿಸುತ್ತಿರುವುದು. ತೀರ್ಮಾನದ ಹೊತ್ತಿಗೆ ಗಂಡಂದಿರು ಜೊತೆಗಿರುತ್ತಿದ್ದರು. ಊಹಿಸುವ ಮತ್ತು ಗಮನಿಸುವ ಕೆಲಸ ಹೆಚ್ಚಾಗಿ ಹೆಂಡತಿಯರ ಮೇಲೆಯೇ ಬೀಳುತ್ತಿತ್ತು. ಇವೆರಡಕ್ಕೂ ಬಿಡುವು ಎಂಬುದಿಲ್ಲ, ಕಚೇರಿಯಲ್ಲಿ ಕುಳಿತಾಗಲೂ ಅವು ತಲೆಯೊಳಗೆ ನಡೆದೇ ಇರುತ್ತವೆ. ಪತ್ನಿಯವರು ‘ತಲೆಯ ಮೇಲೆ’ ಎಂದದ್ದು ಅಕ್ಷರಶಃ ನಿಜ. ಹೇಳಿದ್ದನ್ನೆಲ್ಲ ಮಾಡಿದ್ದೇನೆ ಎಂದು ನೀವು ಬರೆದಾಗ, ಹೇಳುವುದೂ ಒಂದು ಕೆಲಸ, ಅದು ಹನ್ನೊಂದು ವರ್ಷಗಳಿಂದ ಒಬ್ಬರದ್ದೇ ಆಗಿದೆ ಎಂಬುದನ್ನೂ ಒಪ್ಪಿಕೊಂಡಂತಾಯಿತು.

ನಾನು ಮಾಡಿದ್ದು ಅವಳಿಗೆ ಹಿಡಿಸುವುದಿಲ್ಲ, ಮಡಿಸಿಟ್ಟ ಬಟ್ಟೆಯನ್ನು ಮತ್ತೆ ಮಡಿಸುತ್ತಾಳೆ ಎಂಬ ನಿಮ್ಮ ಬೇಸರವನ್ನು ತಳ್ಳಿಹಾಕಲಾರೆ. ಒಪ್ಪಿಸಿದ ಮೇಲೆ ಕೈ ಬಿಡಬೇಕು. ಅದನ್ನು ಆಕೆಯೂ ಕಲಿಯಬೇಕಾದೀತು. ಆದರೆ ಮಗುವಿನ ಸಮವಸ್ತ್ರ ಒಣಗಿಲ್ಲದಿದ್ದರೆ ಶಾಲೆಯವರು, ನೆಂಟರು ಯಾರ ಮುಖ ನೋಡುತ್ತಾರೆ ಎಂಬುದನ್ನೂ ಯೋಚಿಸಿ. ಮಾತು ಕೇಳಬೇಕಾದವರು ತಾವೇ ಎಂದು ಗೊತ್ತಿರುವವರಿಗೆ ಕೈ ಬಿಡುವುದು ಸುಲಭವಲ್ಲ.

ಪಟ್ಟಿಯನ್ನು ಬದಿಗಿಡಿ. ಯಾವುದಾದರೂ ಒಂದು ಹೊಣೆಯನ್ನು, ಮಕ್ಕಳ ಆರೋಗ್ಯವನ್ನೇ ಎನ್ನೋಣ, ಬುಡದಿಂದ ತುದಿಯವರೆಗೆ ನೀವೇ ವಹಿಸಿಕೊಳ್ಳಿ. ಲಸಿಕೆಯ ದಿನಾಂಕ, ಮುಗಿಯುತ್ತಿರುವ ಬಾಟಲಿ, ವೈದ್ಯರ ಭೇಟಿ, ಶಾಲೆಯ ರಜಾಪತ್ರ, ಅಗತ್ಯ ಬಿದ್ದರೆ ನಿಮ್ಮ ಕಚೇರಿಯ ರಜೆ, ಎಲ್ಲವೂ. ಶಾಲೆಯಲ್ಲಿ ಮೊದಲು ಕರೆಯಬೇಕಾದ ದೂರವಾಣಿ ಸಂಖ್ಯೆ ನಿಮ್ಮದಾಗಲಿ. ಕೇಳದೆ, ಹೇಳಿಸಿಕೊಳ್ಳದೆ ಮೂರು ತಿಂಗಳು ನಡೆಸಿ. ಆಮೇಲೆ ಮತ್ತೊಮ್ಮೆ ಬರೆಯಿರಿ; ಆ ಪತ್ರದಲ್ಲಿ ನಿಮ್ಮ ಪತ್ನಿಯವರದ್ದೂ ನಾಲ್ಕು ಸಾಲು ಇರಲಿ.

ಸಂಪಾದಕ