ಬೇಸ್‌ಬಾಲ್, ಸಾಫ್ಟ್‌ಬಾಲ್ ಕಲಿಯುವ ಮಕ್ಕಳಿಗೆ ಎಂಥ ಟ್ರೈನಿಂಗ್ ಗ್ಲವ್ ಕೊಡಿಸಬೇಕು?

ನೀವು ಕೇಳಿರುವುದು ಇಷ್ಟು: ಅಮೆರಿಕದಲ್ಲಿದ್ದೀರಿ, 10 ವರ್ಷದ ಮಗಳು ಸಾಫ್ಟ್‌ಬಾಲ್ ಆಡುತ್ತಾಳೆ, 12ರ ಮಗ ಬೇಸ್‌ಬಾಲಿನಲ್ಲಿ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್. ನೆಲದ ಮೇಲೆ ಬರುವ ಚೆಂಡಿಗೆ ಮಗಳು ಒಂದೇ ಕೈ ಬೀಸುತ್ತಾಳೆ, ಚೆಂಡು ಗ್ಲವ್‌ಗೆ ಬಡಿದು ಆಚೆ ಹೋಗುತ್ತದೆ. ಮಗ ಹಿಡಿಯುತ್ತಾನೆ, ಆದರೆ ಗ್ಲವ್‌ನೊಳಗೆ ಚೆಂಡು ಹುಡುಕುವಷ್ಟರಲ್ಲಿ ರನ್ನರ್ ಬೇಸ್ ಮುಟ್ಟಿರುತ್ತಾನೆ. ಕೋಚ್ ಟ್ರೈನಿಂಗ್ ಗ್ಲವ್ ತನ್ನಿ ಅಂದಿದ್ದಾರೆ, ನಿಮಗೆ ಗೊತ್ತಿರುವುದು ಕ್ರಿಕೆಟ್. ಇಬ್ಬರಿಗೂ ಒಂದೇ ಸಾಕೇ, ಹಿತ್ತಿಲಲ್ಲಿ ಹೇಗೆ ಆಡಿಸಬೇಕು?

ಒಂದೇ ಸಾಲದು. ಇಬ್ಬರ ತಪ್ಪೂ ಬೇರೆ, ಚೆಂಡೂ ಬೇರೆ. ಮಗಳಿಗೆ ಸಾಫ್ಟ್‌ಬಾಲ್ ಅಳತೆಯ ಚಪ್ಪಟೆ ಗ್ಲವ್ ತನ್ನಿ, ಮಗನಿಗೆ 9ರಿಂದ 9.5 ಇಂಚಿನ ಪುಟ್ಟ ಚರ್ಮದ ಗ್ಲವ್. ಯಾಕೆ ಅಂತ ಹೇಳುತ್ತೇನೆ, ಯಾಕೆಂದರೆ ಕಾರಣ ತಿಳಿಯದೆ ಇವನ್ನು ಬಳಸಿದರೆ ಕೈಗೆ ನೋವಾಗುವುದು ಬಿಟ್ಟು ಬೇರೇನೂ ಆಗುವುದಿಲ್ಲ.

ಪಂದ್ಯಕ್ಕೆ ಹಾಕಿಕೊಳ್ಳುವ ಗ್ಲವ್ ಆಟಗಾರನ ಅರ್ಧ ಕೆಲಸವನ್ನು ತಾನೇ ಮಾಡಿಬಿಡುತ್ತದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಚರ್ಮದ ಹೆಣಿಗೆ ಇದೆಯಲ್ಲ, ವೆಬ್, ಅದು ಬಲೆ ಇದ್ದ ಹಾಗೆ. ಕೈ ಸ್ವಲ್ಪ ತಪ್ಪಿದರೂ ಚೆಂಡು ಅದರಲ್ಲಿ ಸಿಕ್ಕಿಬೀಳುತ್ತದೆ. ಇದು ಮೊದಲಿನಿಂದ ಇದ್ದದ್ದಲ್ಲ. ಆಗಿನ ಗ್ಲವ್‌ಗಳು ಕೈಗೆ ಕಟ್ಟಿದ ಸಣ್ಣ ದಿಂಬಿನಂತಿದ್ದವು, ಇನ್ನೊಂದು ಕೈ ಜೊತೆಗೂಡದೆ ಚೆಂಡು ನಿಲ್ಲುವುದೇ ಕಷ್ಟವಾಗಿತ್ತು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವ) ಬಿಲ್ ಡೋಕ್ ಹೇಳಿದ ವಿನ್ಯಾಸದಂತೆ ರಾಲಿಂಗ್ಸ್ ಕಂಪನಿ 1920ರ ಹೊತ್ತಿಗೆ ವೆಬ್ ಹೆಣೆದ ಗ್ಲವ್ ಮಾರತೊಡಗಿದ ಮೇಲೆ ಆಟದ ರೀತಿಯೇ ಬದಲಾಯಿತು. ಟ್ರೈನಿಂಗ್ ಗ್ಲವ್ ಅಂದರೆ ಆ ಬಲೆಯನ್ನು ವಾಪಸ್ ಕಿತ್ತುಕೊಳ್ಳುವುದು. ಗ್ಲವ್ ಮುಚ್ಚಿಹಾಕುತ್ತಿದ್ದ ತಪ್ಪು ಆಗ ಬಯಲಾಗುತ್ತದೆ.

ಚಪ್ಪಟೆ ಗ್ಲವ್ ಅಕ್ಕಿರೊಟ್ಟಿಯ ಹಾಗಿರುತ್ತದೆ. ಕೆಲವು ಫೋಮಿನವು, ಹಿಂಬದಿಯಲ್ಲಿ ಬೆರಳು ತೂರಿಸಲು ಎಲಾಸ್ಟಿಕ್ ಪಟ್ಟಿ ಇರುತ್ತದೆ. ಕೆಲವು ಚರ್ಮದವು, ಪಾಕೆಟ್ (ಚೆಂಡು ಕೂರುವ ತಗ್ಗು) ಮೂಡದಂತೆ ಒಳಗೆ ಗಟ್ಟಿ ತುಂಬಿರುತ್ತಾರೆ. ಮುಚ್ಚಲು ಬಾರದ ಗ್ಲವ್ ಇದು. ಒಂದೇ ಕೈಯಿಂದ ಗಬಕ್ಕನೆ ಹಿಡಿಯುವ ದಾರಿಯೇ ಇಲ್ಲ, ಇನ್ನೊಂದು ಕೈ ಪಕ್ಕದಲ್ಲಿದ್ದರೆ ಮಾತ್ರ ಚೆಂಡು ನಿಲ್ಲುತ್ತದೆ. ನಿಮ್ಮ ಮಗಳಿಗೆ ಬೇಕಿರುವುದು ಇದು.

ಪುಟ್ಟ ಗ್ಲವ್ ನಿಜವಾದ ಗ್ಲವ್‌ನದೇ ಕಿರಿಯ ರೂಪ. ಇನ್‌ಫೀಲ್ಡರ್‌ಗಳ (ಬೇಸ್‌ಗಳ ಬಳಿ ನಿಲ್ಲುವ ಫೀಲ್ಡರ್‌ಗಳ) ಮಾಮೂಲಿ ಗ್ಲವ್ 11.25ರಿಂದ 11.75 ಇಂಚು ಇದ್ದರೆ ಇದು 9.5 ಮೀರುವುದಿಲ್ಲ, ಪಾಕೆಟ್ ಆಳವೂ ಕಡಿಮೆ. ನಿಮ್ಮ ಮಗ ಬಹುಶಃ ಚೆಂಡನ್ನು ವೆಬ್‌ನ ತುದಿಯಲ್ಲಿ ಹಿಡಿಯುತ್ತಿದ್ದಾನೆ, ಅದಕ್ಕೇ ಹುಡುಕಾಟ. ಪುಟ್ಟ ಗ್ಲವ್‌ನಲ್ಲಿ ಆ ಜಾಗಕ್ಕೆ ಬಿದ್ದ ಚೆಂಡು ಹೊರಗೇ ಹಾರುತ್ತದೆ. ತೋರುಬೆರಳು, ನಡುಬೆರಳುಗಳ ಬುಡಕ್ಕೆ ಬಂದದ್ದು ಮಾತ್ರ ಉಳಿಯುತ್ತದೆ, ಮತ್ತು ಅಲ್ಲಿ ಉಳಿದ ಚೆಂಡು ಎಸೆಯುವ ಕೈಗೆ ತಕ್ಷಣ ಸಿಗುತ್ತದೆ. ಮುಚ್ಚುವ ದಿಕ್ಕನ್ನೂ ಗಮನಿಸಿ. ಹೆಬ್ಬೆರಳು ಉಂಗುರಬೆರಳಿನ ಕಡೆಗೆ ಬಾಗಬೇಕು. ಹೆಬ್ಬೆರಳು, ತೋರುಬೆರಳು ಎರಡೇ ಸೇರಿ ಬಾತುಕೋಳಿಯ ಕೊಕ್ಕಿನಂತೆ ಮುಚ್ಚಿಕೊಂಡರೆ ಪಾಕೆಟ್ ಕಿರಿದಾಗಿ ಚೆಂಡು ಮತ್ತೆ ವೆಬ್‌ಗೇ ಸರಿಯುತ್ತದೆ.

ಇಂಚುಗಳ ಲೆಕ್ಕದಲ್ಲಿ ಗೊಂದಲವಾಗಬೇಡಿ. ಗ್ಲವ್‌ನ ಇಂಚು ಅಂದರೆ ತೋರುಬೆರಳಿನ ತುದಿಯಿಂದ ಪಾಕೆಟ್ ಹಾಯ್ದು ಅಂಗೈ ಬುಡದವರೆಗಿನ ಉದ್ದ. ಚೆಂಡಿನ ಇಂಚು ಅಂದರೆ ಸುತ್ತಳತೆ. ಬೇಸ್‌ಬಾಲ್ ಸುತ್ತಳತೆ 9ರಿಂದ 9.25 ಇಂಚು, ಅಡ್ಡಗಲ 3 ಇಂಚಿಗೂ ಕಡಿಮೆ. 10 ವರ್ಷದವರೆಗಿನ ಹುಡುಗಿಯರ ವಿಭಾಗದಲ್ಲಿ ಸಾಮಾನ್ಯವಾಗಿ 11 ಇಂಚಿನ ಸಾಫ್ಟ್‌ಬಾಲ್, ಅಂದರೆ ಮೂರೂವರೆ ಇಂಚು ಅಡ್ಡಗಲ. ಅಲ್ಲಿಂದ ಮುಂದೆ 12 ಇಂಚಿನದು, ಅಡ್ಡಗಲ 3.8 ಇಂಚು. ಹಾಗಾಗಿ ಅಣ್ಣನ 9 ಇಂಚಿನ ಗ್ಲವ್ ತಂಗಿಗೆ ಆಗದು. ಸಾಫ್ಟ್‌ಬಾಲ್ ಅದರ ಅಂಚಿಗೆ ತಾಗಿ ಬೆರಳಿನ ತುದಿಗೆ ಬಡಿಯುತ್ತದೆ. ಅವಳಿಗೆ 10 ಇಂಚಿಗಿಂತ ಚಿಕ್ಕದು ಬೇಡ.

ದುಡ್ಡು ಹಾಕುವ ಮುನ್ನ ಪರೀಕ್ಷಿಸಬೇಕೆಂದರೆ ಚಪ್ಪಟೆ ಗ್ಲವ್ ಮನೆಯಲ್ಲೇ ಆಗುತ್ತದೆ. ಈಜುವವರ ಫೋಮ್ ಹಲಗೆಯಿಂದ 8 ಇಂಚು ಅಗಲ, 10 ಇಂಚು ಉದ್ದ, ಒಂದು ಇಂಚು ದಪ್ಪದ ತುಂಡು ಕತ್ತರಿಸಿ, ಮೂಲೆ ಉರುಟು ಮಾಡಿ. ಒಂದೂವರೆ ಇಂಚು ಅಗಲದ ಎಲಾಸ್ಟಿಕ್ ಎರಡು ಸಾಲು ಬೇಕು: ಒಂದು ಬೆರಳುಗಳ ಮೇಲೆ, ಇನ್ನೊಂದು ಅಂಗೈ ಹಿಂಬದಿಗೆ. ಒಂದೇ ಪಟ್ಟಿ ಹಾಕಿದರೆ ಹಲಗೆ ತಿರುಗಿಕೊಳ್ಳುತ್ತದೆ. ಬೆರಳ ತುದಿಗಳು ಅಂಚಿನಿಂದ ಕನಿಷ್ಠ ಒಂದು ಇಂಚು ಒಳಗಿರಲಿ. ಇದರಲ್ಲಿ ಟೆನಿಸ್ ಚೆಂಡು ಮಾತ್ರ ಆಡಿಸಿ.

ಈಗ ಕ್ರಿಕೆಟ್‌ನಿಂದ ಬಂದವರ ವಿಷಯ. ನಿಮ್ಮ ಕೈ ಅಭ್ಯಾಸದಲ್ಲಿ ಅರ್ಧ ಇಲ್ಲಿ ಬಂಗಾರ. ಎರಡು ಕೈ ಜೋಡಿಸಿ ಬೊಗಸೆ ಒಡ್ಡುವುದು, ಚೆಂಡು ಬರುತ್ತಿದ್ದಂತೆ ಕೈಯನ್ನು ಮೆತ್ತಗೆ ಹಿಂದಕ್ಕೆಳೆದುಕೊಳ್ಳುವುದು, ಇವನ್ನು ಇಲ್ಲಿನ ಮಕ್ಕಳಿಗೆ ತಿಂಗಳುಗಟ್ಟಲೆ ಹೇಳಿಕೊಡಬೇಕಾಗುತ್ತದೆ. ಆದರೆ ಮಂಡಿಯೂರಿ ಕಾಲನ್ನು ಅಡ್ಡಗಟ್ಟೆ ಮಾಡುವ ಪಾಠ ಇನ್‌ಫೀಲ್ಡಿಗೆ ಬೇಡ. ನಿಮ್ಮ ಮಕ್ಕಳ ವಯಸ್ಸಿನ ಲೀಗ್‌ಗಳಲ್ಲಿ ಬೇಸಿನಿಂದ ಬೇಸಿಗೆ ಸಾಮಾನ್ಯವಾಗಿ 60 ಅಡಿ, ಕ್ರಿಕೆಟ್ ಪಿಚ್ಚಿನ 66 ಅಡಿಗಿಂತ ಕಡಿಮೆ. ಮಂಡಿಯಿಂದ ಎದ್ದು ಎಸೆಯುವಷ್ಟು ಹೊತ್ತು ಯಾರೂ ಕೊಡುವುದಿಲ್ಲ. ಚೆಂಡು ನಿಲ್ಲಿಸುವುದು ಮತ್ತು ಎಸೆಯುವುದು ಇಲ್ಲಿ ಒಂದೇ ಚಲನೆ.

ಆಡಿಸುವ ಕ್ರಮ. ಮೊದಲ ವಾರ ಮಗಳು ಎರಡೂ ಮಂಡಿಯೂರಿ ಕೂರಲಿ. ಕಾಲು ಕಟ್ಟಿಹಾಕಿದರೆ ಕೈಯ ತಪ್ಪು ಕೈಯಲ್ಲೇ ಕಾಣುತ್ತದೆ. ನೀವು 8ರಿಂದ 10 ಅಡಿ ದೂರದಲ್ಲಿ ಕೂತು ಟೆನಿಸ್ ಚೆಂಡು ಉರುಳಿಸಿ, 10 ಸಲ. ಗ್ಲವ್ ನೆಲಕ್ಕೆ ತಾಗಿದ್ದು, ಅದರ ಮುಖ ಚೆಂಡಿನ ಕಡೆಗೆ ಸುಮಾರು 45 ಡಿಗ್ರಿ ಬಾಗಿರಬೇಕು. ಕೈಗಳು ಮೈಯಿಂದ ಒಂದು ಒಂದೂವರೆ ಅಡಿ ಮುಂದಿರಲಿ, ಆಗಲೇ ಕಣ್ಣಿಗೆ ಚೆಂಡೂ ಗ್ಲವ್ವೂ ಒಟ್ಟಿಗೆ ಕಾಣುವುದು. ಎಸೆಯುವ ಕೈ ಗ್ಲವ್‌ನ ಪಕ್ಕದಲ್ಲಿ, ತೆರೆದ ಬೆರಳುಗಳೊಂದಿಗೆ. ಮೊಸಳೆ ಬಾಯಿಯಂತೆ ಮೇಲಿನಿಂದ ಮುಚ್ಚು ಅಂತ ಕೆಲವರು ಕಲಿಸುತ್ತಾರೆ. ಚಪ್ಪಟೆ ಗ್ಲವ್‌ನಲ್ಲಿ ಅದು ಅಪಾಯ, ಪುಟಿದ ಚೆಂಡು ನೇರ ಹೆಬ್ಬೆರಳಿಗೇ ಬಡಿಯುತ್ತದೆ. ಕೈ ಪಕ್ಕದಲ್ಲಿದ್ದರೆ ಚೆಂಡು ಗ್ಲವ್‌ಗೆ ತಾಗಿ ತಾನಾಗಿ ಅಂಗೈಗೆ ಜಾರುತ್ತದೆ.

ಆಮೇಲೆ 10 ಸಣ್ಣ ಪುಟಿತ. ಗ್ಲವ್‌ನ ಮುಂದೆ 6ರಿಂದ 12 ಇಂಚಿನಲ್ಲಿ ಚೆಂಡು ನೆಲಕ್ಕೆ ಬೀಳುವಂತೆ ಕೆಳಗೈಯಿಂದ ಎಸೆಯಿರಿ. ಇಲ್ಲಿ ಕೈ ಹಿಂದಕ್ಕೆಳೆಯಬಾರದು, ಮುಂದಕ್ಕೆ ಹೋಗಬೇಕು. ಪುಟಿದ ಚೆಂಡು ಏಳುವ ಮೊದಲೇ ಅದರ ದಾರಿ ಮುಚ್ಚುವುದು ಉದ್ದೇಶ. ಹಿಂದಕ್ಕೆಳೆದರೆ ಸಣ್ಣ ಪುಟಿತ ನಡುಪುಟಿತವಾಗಿ ಮಂಡಿಯ ಎತ್ತರಕ್ಕೆ ಬಂದುಬಿಡುತ್ತದೆ, ಎಲ್ಲಕ್ಕಿಂತ ಕಷ್ಟದ ಪುಟಿತ ಅದೇ. ದೂರದಲ್ಲಿ ನೆಲ ತಾಗಿ ಇಳಿಯುತ್ತ ಬರುವ ಚೆಂಡಿಗೆ ಮಾತ್ರ ನಿಮ್ಮ ಕ್ರಿಕೆಟ್ಟಿನ ಮೆತ್ತನೆಯ ಕೈ. ನಡುಪುಟಿತಕ್ಕೆ ಕೈಯಲ್ಲಿ ಉತ್ತರವಿಲ್ಲ, ಎರಡು ಹೆಜ್ಜೆ ಮುಂದೆ ಅಥವಾ ಹಿಂದೆ ಹೋಗಿ ಅದನ್ನು ಬೇರೆ ಪುಟಿತ ಮಾಡಿಕೊಳ್ಳಬೇಕು.

ಎರಡನೇ ವಾರ ನಿಂತು, 15ರಿಂದ 20 ಅಡಿ ದೂರದಿಂದ. ಟೆನಿಸ್ ಚೆಂಡು ಬಿಟ್ಟು ಲೆವೆಲ್ 1 ಅಂತ ಬರೆದಿರುವ ಮೆತ್ತನೆಯ ಚೆಂಡಿಗೆ ಹೋಗಿ, ಮಗಳಿಗೆ 11 ಇಂಚಿನ ಮೆತ್ತನೆಯ ಸಾಫ್ಟ್‌ಬಾಲ್. ಹುಲ್ಲಿನಲ್ಲಿ ಚೆಂಡು ಸತ್ತಂತೆ ಬರುತ್ತದೆ, ಡ್ರೈವ್‌ವೇಯಲ್ಲಿ ಪುಟಿತ ಸರಿಯಾಗಿರುತ್ತದೆ.

ಮಗನಿಗೂ ಶುರು ಇದೇ ಮಂಡಿ ಅಭ್ಯಾಸ. ಅವನಿಗೆ ಅವಮಾನ ಅನ್ನಿಸಿದರೆ ರಾನ್ ವಾಷಿಂಗ್ಟನ್ ಬಗ್ಗೆ ಹೇಳಿ. ಅಮೆರಿಕದ ಅತ್ಯುನ್ನತ ವೃತ್ತಿಪರ ಲೀಗಾದ ಮೇಜರ್ ಲೀಗಿನ ದೊಡ್ಡ ದೊಡ್ಡ ಆಟಗಾರರನ್ನೇ ಮಂಡಿಯೂರಿಸಿ, ಪುಟ್ಟ ಗ್ಲವ್ ತೊಡಿಸಿ ಸಣ್ಣ ಪುಟಿತ ಆಡಿಸುವ ಕೋಚ್ ಆತ. ಆಗ ಓಕ್ಲೆಂಡ್ ತಂಡದಲ್ಲಿದ್ದ ಎರಿಕ್ ಚಾವೆಜ್ ಅತ್ಯುತ್ತಮ ಫೀಲ್ಡಿಂಗ್‌ಗೆ ತನಗೆ ಬಂದ ಗೋಲ್ಡ್ ಗ್ಲವ್ ಪ್ರಶಸ್ತಿಯೊಂದನ್ನು ಅವರಿಗೇ ಕೊಟ್ಟುಬಿಟ್ಟ. ಮಗನಿಗೆ ಗ್ಲವ್ ಕೈಯ ಬದಿಗೆ ಬರುವ ಚೆಂಡು (ಫೋರ್‌ಹ್ಯಾಂಡ್) 10, ಎದುರುಬದಿಗೆ ಬರುವ ಚೆಂಡು (ಬ್ಯಾಕ್‌ಹ್ಯಾಂಡ್, ಅಂದರೆ ಹಿಂಗೈ) 10, ನೇರ 10. ಪ್ರತಿ ಸಲವೂ ಚೆಂಡನ್ನು ಹೊಕ್ಕುಳ ಬಳಿಗೆ ತಂದು, ಗ್ಲವ್‌ನಿಂದ ಕೈಗೆ ದಾಟಿಸಿ, ಎರಡು ಬೆರಳು ಹೊಲಿಗೆಗೆ ಅಡ್ಡ ಬರುವಂತೆ ಹಿಡಿದು ನಿಲ್ಲಬೇಕು. ಎಸೆಯುವುದು ಬೇಡ. ಎಸೆತ ಸೇರಿಸಿದರೆ ಕಣ್ಣು ಮೊದಲೇ ಬೇಸಿನ ಕಡೆ ಓಡುತ್ತದೆ, ದಾಟಿಸುವುದು ಮತ್ತೆ ಹಾಳು. ಹಿಂಗೈ ಅಭ್ಯಾಸದಲ್ಲಿ ಮಾತ್ರ ಒಂದೇ ಕೈ ಸರಿ, ಅಲ್ಲಿಗೆ ಇನ್ನೊಂದು ಕೈ ಎಟುಕುವುದಿಲ್ಲ. ಹಾಗಾಗಿಯೇ ಚಪ್ಪಟೆ ಗ್ಲವ್‌ನಲ್ಲಿ ಹಿಂಗೈ ಆಡಿಸಬೇಡಿ.

ಇಬ್ಬರಿಗೂ ಒಟ್ಟು 12ರಿಂದ 15 ನಿಮಿಷ, ವಾರಕ್ಕೆ ಮೂರು ದಿನ. ಕೊನೆಯ 10 ಚೆಂಡು ಕಡ್ಡಾಯವಾಗಿ ಪಂದ್ಯದ ಗ್ಲವ್‌ನಲ್ಲಿ. ಇದನ್ನು ಬಿಡುವವರೇ ಹೆಚ್ಚು. ಪುಟ್ಟ ಗ್ಲವ್‌ನ ಅಳತೆಗೆ ಒಗ್ಗಿದ ಕೈಗೆ ದೊಡ್ಡ ಗ್ಲವ್ ಭಾರ, ಉದ್ದ ಎರಡೂ ಹೊಸದಾಗಿ ಕಾಣುತ್ತದೆ. ಅದೇ ದಿನ ಹೊಂದಿಸಿಕೊಳ್ಳದಿದ್ದರೆ ಪಂದ್ಯದಲ್ಲಿ ತಡವರಿಸುತ್ತಾರೆ.

ತಪ್ಪು ಎಲ್ಲಿದೆ ಅನ್ನುವುದನ್ನು ಚೆಂಡು ಹೋದ ದಿಕ್ಕೇ ಹೇಳುತ್ತದೆ. ಚೆಂಡು ನಿಮ್ಮ ಕಡೆಗೇ ದೂರ ವಾಪಸ್ ಬಂದರೆ ಮೊಣಕೈ ಬಿಗಿಯಾಗಿದೆ, ಗ್ಲವ್‌ನಿಂದ ಗುದ್ದುತ್ತಿದ್ದಾರೆ. ಕೆಳಗಿನಿಂದ ನುಸುಳಿದರೆ ಗ್ಲವ್ ಮೇಲಿತ್ತು, ತಡವಾಗಿ ಇಳಿಯಿತು. ನೆಲದಿಂದ ಮೇಲೆ ಏಳುವುದು ಸುಲಭ, ಮೇಲಿಂದ ಇಳಿಯುವುದು ಯಾವಾಗಲೂ ತಡ. ತೋಳಿನ ಮೇಲೆ ಹತ್ತಿ ಮುಖದ ಕಡೆ ಬಂದರೆ ಗ್ಲವ್ ಮೊರದಂತೆ ಅಂಗಾತ ಮಲಗಿದೆ, ಚೆಂಡಿಗೆ ಇಳಿಜಾರು ಕಟ್ಟಿಕೊಟ್ಟಂತಾಗಿದೆ. ಮಣಿಕಟ್ಟು ಬಾಗಿಸಿ ಮುಖವನ್ನು ಚೆಂಡಿಗೆ ತಿರುಗಿಸಿ. ಮಗಳಿಗೆ ಫೀಲ್ಡರ್‌ಗಳ ಮುಖಕವಚ ಹಾಕಿಸಿಯೇ ಆಡಿಸಿ, ಅಭ್ಯಾಸದಲ್ಲೂ.

ಬ್ಯಾಟಿನಿಂದ ಜೋರಾಗಿ ಹೊಡೆದ ಚೆಂಡು, ಎತ್ತರದ ಕ್ಯಾಚ್, ದೂರದ ಎಸೆತ, ಈ ಮೂರಕ್ಕೂ ಟ್ರೈನಿಂಗ್ ಗ್ಲವ್ ಬೇಡವೇ ಬೇಡ. ಚೆಂಡು ಬೆರಳ ತುದಿಗೆ ತಾಗಿ ಗಿಣ್ಣು ಉಳುಕುವುದು ಹೀಗೆಯೇ. ಒಮ್ಮೆ ಬಲವಾಗಿ ಪೆಟ್ಟು ತಿಂದ ಮಗು ಚೆಂಡು ಬಂದಾಗ ಮುಖ ತಿರುಗಿಸಲು ಕಲಿಯುತ್ತದೆ. ಅದನ್ನು ಬಿಡಿಸುವುದು ಎರಡು ಕೈ ಕಲಿಸುವುದಕ್ಕಿಂತ ಹತ್ತು ಪಟ್ಟು ಕಷ್ಟ.

ಇಡುವ ರೀತಿಯೂ ಬೇರೆ ಬೇರೆ. ಮಗನ ಪುಟ್ಟ ಗ್ಲವ್‌ನೊಳಗೆ ಬೇಸ್‌ಬಾಲ್ ಇಟ್ಟು ಎತ್ತಿಡಿ, ಪಾಕೆಟ್ ಆಕಾರ ಉಳಿಯಲಿ. ಮಗಳದು ಚರ್ಮದ ಚಪ್ಪಟೆ ಗ್ಲವ್ ಆದರೆ ತದ್ವಿರುದ್ಧ: ಚೆಂಡು ಇಡಬೇಡಿ, ಮಡಚಬೇಡಿ, ಎಣ್ಣೆ ಹಚ್ಚಿ ಮೆತ್ತಗೆ ಮಾಡಬೇಡಿ. ಪಾಕೆಟ್ ಮೂಡಿದ ದಿನ ಅದು ಚಪ್ಪಟೆ ಗ್ಲವ್ ಅಲ್ಲ. ಬಿಸಿಲಿಗೆ ನಿಂತ ಕಾರಿನೊಳಗೆ ಎರಡನ್ನೂ ಬಿಡಬೇಡಿ, ಚರ್ಮ ಒಣಗಿ ಸೀಳುತ್ತದೆ, ಫೋಮಿನ ಅಂಟು ಬಿಡುತ್ತದೆ.

ಆರ್ಡರ್ ಮಾಡುವಾಗ ಆರ್‌ಎಚ್‌ಟಿ, ಎಲ್‌ಎಚ್‌ಟಿ ಅಂತ ಬರೆದಿರುತ್ತದೆ. ಅದು ಗ್ಲವ್ ತೊಡುವ ಕೈ ಅಲ್ಲ, ಎಸೆಯುವ ಕೈ. ಬಲಗೈಯಲ್ಲಿ ಎಸೆಯುವ ಮಗುವಿಗೆ ಆರ್‌ಎಚ್‌ಟಿ, ಅದು ಎಡಗೈಗೆ ಕೂರುವ ಗ್ಲವ್. ಬ್ಯಾಟ್ ಯಾವ ಕಡೆಯಿಂದ ಬೀಸುತ್ತಾರೆ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.