ಯಕ್ಷಗಾನದಲ್ಲಿ ಪ್ರೇಕ್ಷಕರ ಚಪ್ಪಾಳೆ, ಶಿಳ್ಳೆಗಳಿಂದ ಆಟ ನಿಜವಾಗಿ ಬದಲಾಗುತ್ತದೆಯೇ?

ಬದಲಾಗುತ್ತದೆ, ಅದೂ ಆ ಕ್ಷಣದಲ್ಲೇ. ಪ್ರಸಂಗದಲ್ಲಿ, ಅಂದರೆ ಆಟದ ಕಥೆಯ ಪಠ್ಯದಲ್ಲಿ, ಇರುವುದು ಪದ್ಯ ಮಾತ್ರ; ಅರ್ಥ, ಅಂದರೆ ಪಾತ್ರಗಳ ಮಾತು, ರಂಗಸ್ಥಳದಲ್ಲೇ ಹುಟ್ಟಬೇಕು. ಯಾವ ಪದ್ಯ ಎತ್ತಬೇಕು, ಎಷ್ಟು ಎಳೆಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವವರು ಹಾಡುತ್ತಾ ಆಟ ನಡೆಸುವ ಭಾಗವತರು. ಹಾಗಾಗಿ ಸಭೆಯ ಸದ್ದು ವೇಷಧಾರಿಗಿಂತ ಹೆಚ್ಚಾಗಿ ಅವರ ನಡೆಯನ್ನು ತಿದ್ದುತ್ತದೆ.

ನಮ್ಮ ಕಾಸರಗೋಡು ಕಡೆಯ ತೆಂಕುತಿಟ್ಟನ್ನೇ (ಯಕ್ಷಗಾನದ ದಕ್ಷಿಣದ ಶೈಲಿ) ನೋಡಿ. ಅಭಿಮನ್ಯುವಿನಂಥ ಎಳೆಯ ವೀರನ ಪುಂಡುವೇಷ ಧೀಂಗಿಣಕ್ಕೆ (ಹಾರಿ ಸುತ್ತುವ ಕುಣಿತ) ಹೊರಟಾಗ ಚಪ್ಪಾಳೆ ಬಿತ್ತೆಂದರೆ, ಭಾಗವತರು ಕುಣಿತ ನಿಲ್ಲಿಸುವ ಮುಕ್ತಾಯ ಕೊಡದೆ ಇನ್ನಷ್ಟು ಕುಣಿಯಲು ಬಿಡುತ್ತಾರೆ, ಚೆಂಡೆ ಏರುತ್ತದೆ, ಸುತ್ತು ಹೆಚ್ಚುತ್ತದೆ. ಬೆಳಗಿನವರೆಗಿನ ಆಟದಲ್ಲಿ ಇದಕ್ಕೆ ಎಡೆಯಿತ್ತು. ಮೂರು ಗಂಟೆಯ ಕಾಲಮಿತಿಯ ಆಟದಲ್ಲಿ ಇರುವುದೇ 180 ನಿಮಿಷ. ಇಲ್ಲಿ ಹತ್ತು ನಿಮಿಷ ಹೆಚ್ಚು ಹೋದರೆ ಸಾಮಾನ್ಯವಾಗಿ ಕತ್ತರಿ ಬೀಳುವುದು ಕೊನೆಯ ಸಂವಾದಕ್ಕೆ. ಉಸಿರಿನ ಲೆಕ್ಕವೂ ಇದೆ: ಏದುಸಿರಿನಲ್ಲಿ ಅರ್ಥ ಹೇಳಲು ನಿಂತರೆ ವಾಕ್ಯಗಳು ತುಂಡಾಗುತ್ತವೆ. ಒಳ್ಳೆಯ ಎದುರುವೇಷ (ಎದುರು ಪಾತ್ರಧಾರಿ) ಆಗ ತನ್ನ ಮಾತನ್ನು ಸ್ವಲ್ಪ ಬೆಳೆಸಿ ದಣಿದವನಿಗೆ ಸುಧಾರಿಸಲು ಸಮಯ ಕೊಡುತ್ತದೆ.

ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿದರೆ ಕಲಾವಿದರಿಗೆ ಸಹಾಯ ಎಂದು ಹಲವರು ನಂಬಿದ್ದಾರೆ. ಬಯಲಿನಲ್ಲಿ ಅದು ತೊಂದರೆಯೇ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ರಂಗಸ್ಥಳದಿಂದ 34 ಮೀಟರ್ ಹಿಂದೆ ಕುಳಿತವರಿಗೆ ಚೆಂಡೆ 0.1 ಸೆಕೆಂಡ್ ತಡವಾಗಿ ಕೇಳುತ್ತದೆ, ಅವರ ಚಪ್ಪಾಳೆ ಮರಳಿ ಬರಲು ಇನ್ನೊಂದು 0.1. ನಿಮಿಷಕ್ಕೆ 150 ಪೆಟ್ಟಿನ ವೇಗದಲ್ಲಿ 0.2 ಸೆಕೆಂಡ್ ಎಂದರೆ ಅರ್ಧ ಪೆಟ್ಟು! ಜನ ಎಷ್ಟೇ ಲಯಜ್ಞಾನಿಗಳಾಗಿರಲಿ, ರಂಗದಲ್ಲಿ ಅದು ತಾಳ ತಪ್ಪಿದ ಸದ್ದಾಗಿಯೇ ಕೇಳುತ್ತದೆ. ಹಿಮ್ಮೇಳದ ವಾದ್ಯದವರು ಭಾಗವತರ ಜಾಗಟೆಯ ಪೆಟ್ಟನ್ನೇ ಅನುಸರಿಸಿ ಪಾರಾಗುತ್ತಾರೆ, ಕುಣಿಯುವವನ ಹೆಜ್ಜೆ ಜಾರುವ ಸಂಭವವಿದೆ. ಮುಕ್ತಾಯ ಬಿದ್ದ ಮೇಲೆ ತಟ್ಟಿ, ಎಷ್ಟು ಬೇಕಾದರೂ ತಟ್ಟಿ.

ಕುಳಿತು ನಡೆಸುವ ಯಕ್ಷಗಾನವಾದ ತಾಳಮದ್ದಳೆಯ ಸಂಗತಿ ಇನ್ನೂ ಸೂಕ್ಷ್ಮ. ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ವಾಲಿವಧೆಯಲ್ಲಿ ಬಾಣ ತಗುಲಿದ ವಾಲಿ ರಾಮನನ್ನು ಪ್ರಶ್ನಿಸುವಾಗ ಒಂದೊಂದು ಚುಚ್ಚುಮಾತಿಗೂ ಸಭೆ ನಗುತ್ತಾ ಹೋದರೆ ವಾಲಿಯ ಅರ್ಥಧಾರಿ (ಆ ಪಾತ್ರದ ಮಾತಾಡುವವನು) ಅದೇ ದಾರಿ ಹಿಡಿಯುತ್ತಾನೆ. ವಾಲಿಯ ಸಂಕಟ ಮರೆಯಾಗಿ ಹಾಸ್ಯ ಉಳಿಯುತ್ತದೆ. ಎದುರಿಗೆ ಕುಳಿತ ರಾಮನಿಗೆ ಇನ್ನೂ ಕಷ್ಟ: ಧರ್ಮದ ಸಮರ್ಥನೆಯನ್ನು ಮೆಟ್ಟಲು ಮೆಟ್ಟಲಾಗಿ ಕಟ್ಟಬೇಕಾದವನು ನಗುವಿಗೆ ಉತ್ತರ ಹುಡುಕತೊಡಗುತ್ತಾನೆ. ರಾಮಾಯಣದ ಪ್ರಸಂಗಗಳಿಗೆ ಹೆಸರಾದ ಕವಿ ಪಾರ್ತಿಸುಬ್ಬನ ಕುಂಬಳೆಯ ಸೀಮೆಯಲ್ಲಿ, ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳನ್ನು ಕೇಳಿ ಬೆಳೆದ ನಾಡಿನಲ್ಲಿ ಹೀಗಾಗುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಮೌನವೂ ಕಲಾವಿದರಿಗೆ ತಲುಪುತ್ತದೆ. ಗಮನವಿಟ್ಟ ಮೌನದಲ್ಲಿ ಕುರ್ಚಿ ಸದ್ದು ಮಾಡುವುದಿಲ್ಲ, ಬೇಸರದ ಮೌನದಲ್ಲಿ ಕುರ್ಚಿ ಸರಿಯುತ್ತದೆ, ಮೊಬೈಲಿನ ಬೆಳಕು ಕಾಣುತ್ತದೆ. ಎರಡನೆಯದನ್ನು ಕಂಡ ಭಾಗವತರು ಉಳಿದ ಪದ್ಯಗಳಲ್ಲಿ ಕೆಲವನ್ನು ಬಿಟ್ಟು ಮುಂದಿನ ಸನ್ನಿವೇಶಕ್ಕೆ ದಾಟುವುದುಂಟು. ಆ ದಿನ ಬಿಟ್ಟುಹೋದ ಪದ್ಯ ಯಾವುದೆಂದು ಪ್ರಸಂಗ ಬಲ್ಲವರಿಗಷ್ಟೇ ತಿಳಿಯುತ್ತದೆ.