ಅತ್ತೆಯನ್ನು ಎತ್ತಬೇಡಿ

ಶಿವಮೊಗ್ಗದ ಸೋದರಿಯೊಬ್ಬರ ಪತ್ರ: ಲಕ್ವ ಹೊಡೆದು ಅತ್ತೆಯ ಬಲಭಾಗ ಸ್ವಾಧೀನ ತಪ್ಪಿದೆ. ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಕಂಕುಳಿಗೆ ಕೈಹಾಕಿ ಎತ್ತಿ ವೀಲ್‌ಚೇರಿನಲ್ಲಿ ಕೂರಿಸುವುದು ಎಲ್ಲ ಇವರದೇ. ಈಗ ಸೊಂಟ ಹಿಡಿದುಕೊಂಡಿದೆ. ‘ಎತ್ತುವ ಸರಿಯಾದ ಕ್ರಮ ಯಾವುದು? ಬೆಲ್ಟ್ ಕಟ್ಟಿಕೊಂಡರೆ ಸಾಕೇ?’ ಎಂದು ಕೇಳಿದ್ದಾರೆ.

ಸೋದರಿ, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ಎತ್ತಿ ಅನ್ನುವ ಪಾಠ ಅಕ್ಕಿಮೂಟೆಗೆ ಸರಿ. ಮೂಟೆ ಮಿಸುಕುವುದಿಲ್ಲ. ಮನುಷ್ಯರು ಅರ್ಧದಲ್ಲಿ ಹೆದರಿ ಕೊಸರುತ್ತಾರೆ, ಕುತ್ತಿಗೆಗೆ ಜೋತುಬೀಳುತ್ತಾರೆ. ಕೆಲಸಗಾರರ ಸುರಕ್ಷತೆಯ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯಾಶ್ (NIOSH) ಸಂಸ್ಥೆಯ ಲೆಕ್ಕದಲ್ಲಿ, ಎಲ್ಲ ಅನುಕೂಲ ಇದ್ದಾಗಲೂ ಒಬ್ಬರು ಎತ್ತುವ ಪೆಟ್ಟಿಗೆ 23 ಕೆ.ಜಿ. ಮೀರಬಾರದು. ರೋಗಿಗಳ ವಿಷಯದಲ್ಲಿ ಅದೇ ಸಂಸ್ಥೆಯ ಸಂಶೋಧಕ ಥಾಮಸ್ ವಾಟರ್ಸ್ 2007ರಲ್ಲಿ ಸೂಚಿಸಿದ ಮಿತಿ ಸುಮಾರು 16 ಕೆ.ಜಿ. ಅಷ್ಟು ತೂಗುವ ಅತ್ತೆ ಯಾರಿಗಿದ್ದಾರೆ? ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ದಾದಿಯರ ಸಂಘ 1998ರಲ್ಲೇ ‘ಎತ್ತುವುದಿಲ್ಲ’ ಅನ್ನುವ ನೀತಿ ತಂದಿತು. ಪಳಗಿದವರೇ ಬೇಡವೆಂದ ಕೆಲಸ ನಮ್ಮಲ್ಲಿ ಸೊಸೆಯ ಪಾಲಿಗೆ ಬರುತ್ತದೆ, ಆಸ್ಪತ್ರೆಯ ಬಿಲ್ಲು ಕಟ್ಟಿದ ಗಂಡಸರು ತಮ್ಮ ಸೇವೆ ಮುಗಿಯಿತು ಅಂದುಕೊಳ್ಳುತ್ತಾರೆ.

ಬೆಲ್ಟ್ ಬೆನ್ನಿನ ಪೆಟ್ಟನ್ನು ತಡೆಯುತ್ತದೆ ಅನ್ನುವುದಕ್ಕೆ ಪುರಾವೆ ಸಾಲದೆಂದು ನಯಾಶ್ 1994ರಲ್ಲೇ ಹೇಳಿದೆ. ಆ ದುಡ್ಡಿಗೆ ಅತ್ತೆಯ ಸೊಂಟಕ್ಕೆ ಕಟ್ಟುವ ಅಗಲವಾದ ಬಟ್ಟೆಯ ಬೆಲ್ಟ್ ತನ್ನಿ. ಹಿಡಿಯಬೇಕಾದ್ದು ಅದನ್ನು. ಕಂಕುಳಿಗೆ ಕೈಹಾಕಿ ಎಳೆದರೆ ಲಕ್ವ ಹೊಡೆದ ಕಡೆಯ ಭುಜ ಜಾರಬಹುದು.

ವೀಲ್‌ಚೇರನ್ನು ಅವರ ಎಡಕ್ಕೆ, ಅಂದರೆ ಶಕ್ತಿಯಿರುವ ಕಡೆಗೆ, ಮಂಚಕ್ಕೆ ಓರೆಯಾಗಿ ತಂದು ಬ್ರೇಕ್ ಹಾಕಿ, ಪಾದದ ಹಲಗೆ ಸರಿಸಿ. ಅತ್ತೆ ಮಂಚದ ಅಂಚಿಗೆ ಬರಲಿ, ಪಾದಗಳು ಮಂಡಿಗಿಂತ ತುಸು ಹಿಂದಿರಲಿ. ನಿಮ್ಮ ಮಂಡಿಯನ್ನು ಅವರ ಬಲಮಂಡಿಗೆ ಆನಿಸಿ ನಿಲ್ಲಿ. ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಅವರು ಮುಂದೆ ಬಾಗಿದರೆ ಪೃಷ್ಠ ತಾನಾಗಿ ಹಗುರಾಗುತ್ತದೆ. ಎಡಗಾಲು ಊರಿ ಏಳುವುದು ಅವರ ಕೆಲಸ, ಆತು ನಿಲ್ಲುವುದಷ್ಟೇ ನಿಮ್ಮದು. ನಡುವೆ ಕುಸಿದರೆ ತಡೆದು ಹಿಡಿಯಲು ಹೋಗಬೇಡಿ, ನಿಮ್ಮ ಮೈಗೆ ಒರಗಿಸಿಕೊಂಡು ಮೆಲ್ಲಗೆ ನೆಲಕ್ಕಿಳಿಸಿ.

ನಿಮ್ಮ ಸೊಂಟ ಮುರಿಯುತ್ತಿರುವುದು ಹೆಚ್ಚಾಗಿ ಮಂಚ. ತಗ್ಗು ಮಂಚದಲ್ಲಿ ಮೈ ಒರೆಸುವಾಗ ಇಡೀ ಹೊತ್ತು ಬಗ್ಗಿರಬೇಕು. ಮಂಚದ ಕಾಲಿಗೆ ದಿಮ್ಮಿ ಕೊಟ್ಟು ಎತ್ತರಿಸಿದರೆ ಅತ್ತೆಯ ಪಾದ ನೆಲ ಮುಟ್ಟುವುದಿಲ್ಲ, ಏಳಲಾಗುವುದಿಲ್ಲ. ಎತ್ತರ ಏರಿಳಿಸುವ ಆಸ್ಪತ್ರೆ ಮಂಚ ವೈದ್ಯಕೀಯ ಸಲಕರಣೆ ಅಂಗಡಿಗಳಲ್ಲಿ ಬಾಡಿಗೆಗೆ ಸಿಕ್ಕೀತು, ವಿಚಾರಿಸಿ. ನನ್ನನ್ನು ಕೇಳಿದರೆ ಮೊದಲ ಖರ್ಚು ಇದೇ. ತಲೆಯ ಭಾಗ ಮಾತ್ರ ಏಳುವ ಮಂಚವನ್ನು ತೋರಿಸಿಯಾರು, ಎಚ್ಚರ. ಸಿಗುವ ತನಕ ಒಂದು ಮಂಡಿಯನ್ನು ಹಾಸಿಗೆಯ ಮೇಲೆ ಊರಿ ಕೆಲಸ ಮಾಡಿ. ಕೈಯಿಂದ ಪಂಪ್ ಮಾಡಿ ಎತ್ತುವ ಲಿಫ್ಟ್ ಯಂತ್ರ ಇನ್ನೂ ಒಳ್ಳೆಯದು. ಆದರೆ ಅದರ ಕಾಲು ಮಂಚದಡಿ ಹೋಗಬೇಕು, ಸಾಮಾನು ತುಂಬುವ ಬಾಕ್ಸ್ ಮಂಚದಡಿ ಹೋಗದು.

ಹಾಸಿಗೆಯಲ್ಲಿ ಕೆಳಗೆ ಜಾರಿದ ಅತ್ತೆಯನ್ನು ದಿಂಬಿನ ಕಡೆ ಮೇಲಕ್ಕೆ ಸರಿಸುವುದನ್ನು ಒಬ್ಬರೇ ಮಾಡಬೇಡಿ. ಹೆಗಲಿಂದ ತೊಡೆಯವರೆಗೆ ಅಡ್ಡಲಾಗಿ ಹಾಸಿದ ಬೆಡ್‌ಶೀಟಿನ ಅಂಚನ್ನು ಆಚೆ ನಿಮ್ಮ ಯಜಮಾನರು, ಈಚೆ ನೀವು ಹಿಡಿದು ಸರಿಸಿ. ತಲೆಯ ಕಡೆ ಮಟ್ಟವಾಗಿರಲಿ, ಅತ್ತೆ ಎಡಮಂಡಿ ಮಡಚಿ ಪಾದ ಒತ್ತಲಿ. ಶೀಟಿನಡಿ ನುಣುಪಾದ ನೈಲಾನ್ ಬಟ್ಟೆಯಿದ್ದರೆ ಇನ್ನೂ ಸುಲಭ, ಆಮೇಲೆ ಅದನ್ನು ತೆಗೆದುಬಿಡಿ.

ಫಿಸಿಯೋಥೆರಪಿಸ್ಟರನ್ನು ಒಮ್ಮೆ ಮನೆಗೆ ಕರೆಸಿ ಇದನ್ನೆಲ್ಲ ಮಾಡಿ ತೋರಿಸಿಕೊಳ್ಳಿ. ಆವತ್ತು ಯಜಮಾನರೂ ರಜೆ ಹಾಕಲಿ. ನಿಮ್ಮ ನೋವು ಕಾಲಿಗಿಳಿದರೆ ಅಥವಾ ಕಾಲು ಜೋಮು ಹಿಡಿದರೆ ವೈದ್ಯರಿಗೆ ತೋರಿಸಿ. ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

— ಸಂ.